ಹಿರಿಯರ ಮಾತ್ರೆ ಡಬ್ಬಿಗೆ ಸೆನ್ಸರ್: ಹಾಕುವ ಮೊದಲು, ಹಾಕುವಾಗ, ಹಾಕಿದ ಮೇಲೆ

ಡಬ್ಬಿಗೆ ಹಾಕಿದ ಸೆನ್ಸರ್‌ಗೆ ಮಾತ್ರೆ ನುಂಗಿದ್ದು ಗೊತ್ತಾಗುವುದಿಲ್ಲ. ಮುಚ್ಚಳ ತೆರೆದದ್ದು ಗೊತ್ತಾಗುತ್ತದೆ, ತೂಕ ಇಳಿದದ್ದು ಗೊತ್ತಾಗುತ್ತದೆ, ಅಷ್ಟೇ. ಉಳಿದದ್ದೆಲ್ಲ ನಮ್ಮ ಊಹೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಒಂದು ವಿಷಯ ತಲೆಯಲ್ಲಿದ್ದರೆ ಯಾವ ಸೆನ್ಸರ್ ಬೇಕು, ಅಲಾರಂ ಯಾರಿಗೆ ಹೋಗಬೇಕು, ಫೋನಿನಲ್ಲಿ "ತಪ್ಪಿದೆ" ಅಂತ ಬಂದಾಗ ಏನು ಮಾಡಬೇಕು ಅನ್ನೋದೆಲ್ಲ ಸಲೀಸಾಗಿ ತೀರ್ಮಾನ ಆಗುತ್ತದೆ. ಇದು ಮರೆತರೆ ಸುಮ್ನೆ ಒಂದು ಯಂತ್ರ ತಂದಿಟ್ಟು, ದಿನಾ ಅಪ್ಪ ಅಮ್ಮನ ಜೊತೆ ಜಗಳ ಆಡುವುದೇ ಆಗುತ್ತದೆ.

ಮಾತ್ರೆ ತಪ್ಪಿಸುವುದು ನಿಮ್ಮ ಮನೆಯವರೊಬ್ಬರ ಹಟ ಅಂತ ಅಂದುಕೊಳ್ಳಬೇಡಿ. ವರ್ಷಗಟ್ಟಲೆ ತಗೊಳ್ಳಬೇಕಾದ ಮಾತ್ರೆಗಳನ್ನು ಹೇಳಿದ ಹಾಗೆ ತಗೊಳ್ಳುವವರು, ಮುಂದುವರಿದ ದೇಶಗಳಲ್ಲೂ ಸರಾಸರಿ ಶೇಕಡಾ 50ರಷ್ಟು ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲೇ ಹೇಳಿತ್ತು. ಅದು ಎಲ್ಲ ವಯಸ್ಸಿನವರ ಲೆಕ್ಕ. ವಯಸ್ಸಾದವರಿಗೆ ಇದರ ಮೇಲೆ ಮಾತ್ರೆಗಳ ಸಂಖ್ಯೆ ಜಾಸ್ತಿ, ಕಣ್ಣು ಮಂದ, ಬೆರಳಲ್ಲಿ ಬಲ ಕಡಿಮೆ.

ಯಾಕೆ ತಪ್ಪುತ್ತಿದೆ ಅಂತ ಮೊದಲು ನೋಡಿ

ಏನನ್ನಾದರೂ ಕೊಳ್ಳುವ ಮೊದಲು ಒಂದೆರಡು ವಾರ ಪೇಪರ್ ಮತ್ತು ಪೆನ್ನು ಸಾಕು. ಎಲ್ಲ ಮಾತ್ರೆಗಳ ಹೆಸರು, ಹೊತ್ತು, ಊಟಕ್ಕೆ ಮೊದಲೋ ನಂತರವೋ, ಯಾವ ಕಾಯಿಲೆಗೆ ಅನ್ನೋದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಶುರುವಿನಲ್ಲಿ ಎಷ್ಟು ಮಾತ್ರೆ ಇದ್ದವು ಅಂತ ಎಣಿಸಿಡಿ, ಕೊನೆಯಲ್ಲಿ ಮತ್ತೆ ಎಣಿಸಿ. ಕೆಲವು ಮಾತ್ರೆ ಉಳಿದಿರುತ್ತವೆ. ಕೆಲವು ಬೇಗ ಮುಗಿದಿರುತ್ತವೆ, ಅದು ಇನ್ನೂ ಗಾಬರಿಯ ವಿಷಯ.

ಆಮೇಲೆ ಕೂತು ಮಾತಾಡಿ. ವಿಚಾರಣೆ ಮಾಡಿದ ಹಾಗೆ ಬೇಡ. "ಯಾವ ಮಾತ್ರೆ ತಗೊಳ್ಳೋಕೆ ಬೇಜಾರು?" ಅಂತ ಕೇಳಿ ನೋಡಿ, "ಯಾಕೆ ತಗೊಳ್ಳಲಿಲ್ಲ?" ಅಂತ ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚು ವಿಷಯ ಹೊರಗೆ ಬರುತ್ತದೆ. ಬಿಪಿ ಮಾತ್ರೆ ತಗೊಂಡರೆ ಎದ್ದಾಗ ತಲೆ ತಿರುಗುತ್ತದೆ ಅಂತ ಒಬ್ಬರು ಬಿಟ್ಟಿರುತ್ತಾರೆ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯನ್ನು, ಹೊರಗೆ ಹೋಗುವ ದಿನ ಬೇಕಂತಲೇ ಬಿಡುತ್ತಾರೆ. ದೊಡ್ಡ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಇನ್ನೊಬ್ಬರು. ಸ್ಟ್ರಿಪ್ ಒತ್ತಿ ಮಾತ್ರೆ ಹೊರಗೆ ತೆಗೆಯೋಕೆ ಆಗುವುದಿಲ್ಲ, ಹೇಳಿಕೊಳ್ಳೋಕೆ ಸಂಕೋಚ ಅನ್ನುವವರೂ ಇದ್ದಾರೆ. ಇನ್ನು ಕೆಲವರಿಗೆ ನಿಜವಾಗಿಯೂ ಮರೆತುಹೋಗುತ್ತದೆ, ಅಥವಾ ತಗೊಂಡದ್ದೇ ಮರೆತು ಇನ್ನೊಂದು ಸಲ ತಗೊಳ್ಳುತ್ತಾರೆ.

ಇದರಲ್ಲಿ ಸೆನ್ಸರ್ ಕೆಲಸಕ್ಕೆ ಬರುವುದು ಕೊನೆಯ ಎರಡಕ್ಕೆ, ಮರೆವಿಗೆ ಮತ್ತು ಎರಡು ಸಲ ತಗೊಳ್ಳುವುದಕ್ಕೆ. ಉಳಿದವಕ್ಕೆ ಡಾಕ್ಟರ್ ಬೇಕು, ಫಾರ್ಮಸಿಸ್ಟ್ ಬೇಕು. ಹೊತ್ತು ಬದಲಿಸಬಹುದು, ಎರಡು ಔಷಧಿ ಸೇರಿದ ಒಂದೇ ಮಾತ್ರೆ ಸಿಗಬಹುದು, ಅಗತ್ಯವೇ ಇಲ್ಲದ ಒಂದು ಮಾತ್ರೆಯನ್ನು ನಿಲ್ಲಿಸಲೂಬಹುದು. ದಿನಕ್ಕೆ ನಾಲ್ಕು ಹೊತ್ತು ಇದ್ದದ್ದು ಎರಡು ಹೊತ್ತಿಗೆ ಇಳಿದರೆ, ಅದು ಯಾವ ಸೆನ್ಸರ್‌ಗಿಂತಲೂ ದೊಡ್ಡ ಸಹಾಯ.

ಯಂತ್ರ ತಂದಿಟ್ಟ ಮಾತ್ರಕ್ಕೆ ಎಲ್ಲ ಸರಿ ಹೋಗುವುದಿಲ್ಲ ಅನ್ನೋದಕ್ಕೆ ಗಟ್ಟಿಯಾದ ಸಾಕ್ಷಿಯೂ ಇದೆ. 2017ರಲ್ಲಿ ಅಮೆರಿಕದ ಎರಡು ದೊಡ್ಡ ಅಧ್ಯಯನಗಳು ಜಾಮಾ ಇಂಟರ್ನಲ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದವು. ಒಂದರಲ್ಲಿ 50 ಸಾವಿರಕ್ಕೂ ಹೆಚ್ಚು ಜನರಲ್ಲಿ ಮೂರು ಅಗ್ಗದ ಸಾಧನಗಳನ್ನು ಪರೀಕ್ಷಿಸಿದರು: ಸಾಮಾನ್ಯ ಮಾತ್ರೆ ಡಬ್ಬಿ, ಟೈಮರ್ ಇರುವ ಬಾಟಲಿ ಮುಚ್ಚಳ, ದಿನ ದಾಟಿದ ಮೇಲೆ ಸರಿಸುವ ಗುರುತುಪಟ್ಟಿ. ಏನೂ ಕೊಡದೆ ಬಿಟ್ಟ ಗುಂಪಿಗಿಂತ ಇವರು ಮಾತ್ರೆ ತಗೊಳ್ಳುವುದರಲ್ಲಿ ಸುಧಾರಣೆ ಕಾಣಲಿಲ್ಲ. ಇನ್ನೊಂದರಲ್ಲಿ ಹೃದಯಾಘಾತ ಆಗಿದ್ದ 1,500ಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಒಂದು ಗುಂಪಿಗೆ ತೆರೆದದ್ದನ್ನು ತಾನೇ ತಿಳಿಸುವ ವೈರ್‌ಲೆಸ್ ಬಾಟಲಿ ಕೊಟ್ಟು, ಮಾತ್ರೆ ತಗೊಂಡರೆ ಸಿಗುವ ಲಾಟರಿ ಬಹುಮಾನವನ್ನೂ ಇಟ್ಟರು. ಹಾಗಿದ್ದರೂ ಮತ್ತೆ ಆಸ್ಪತ್ರೆ ಸೇರುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಸೆನ್ಸರ್ ದಂಡ ಅಂತ ನಾನು ಹೇಳುತ್ತಿಲ್ಲ. ಕಾರಣ ಗೊತ್ತಿಲ್ಲದೆ ಎಲ್ಲರಿಗೂ ಒಂದೇ ಡಬ್ಬಿ ಕೊಟ್ಟರೆ ಕೆಲಸ ಆಗುವುದಿಲ್ಲ, ಅಷ್ಟೇ. ನಿಮ್ಮ ಮನೆಯಲ್ಲಿ ಕಾರಣ ಮರೆವೇ ಅಂತ ಖಚಿತ ಆದರೆ ಮುಂದೆ ಓದಿ.

ಯಾವ ಸೆನ್ಸರ್ ಏನು ಹೇಳುತ್ತದೆ

ಎಲ್ಲಕ್ಕಿಂತ ಹಳೆಯದು, ಇವತ್ತಿಗೂ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಮುಚ್ಚಳದ ಸೆನ್ಸರ್. ಬಾಟಲಿಯ ಮುಚ್ಚಳದಲ್ಲಿ ಒಂದು ಚಿಪ್ ಇರುತ್ತದೆ, ತೆರೆದಾಗಲೆಲ್ಲ ದಿನಾಂಕ ಮತ್ತು ಸಮಯ ಬರೆದುಕೊಳ್ಳುತ್ತದೆ. ಸಂಶೋಧಕರು ಮೆಮ್ಸ್ ಅಂತ ಕರೆಯುವ ಈ ಮುಚ್ಚಳಗಳನ್ನು 1980ರ ದಶಕದ ಕೊನೆಯಿಂದಲೂ ಬಳಸುತ್ತಿದ್ದಾರೆ. ಮನೆ ಬಳಕೆಗೆ ಸಿಗುವ ಸ್ಮಾರ್ಟ್ ಡಬ್ಬಿಗಳು ಬಹಳಷ್ಟು ಇದೇ ಜಾತಿಯವು, ಬಾಟಲಿಯ ಬದಲು ವಾರದ ಏಳು ಖಾನೆ ಇರುತ್ತವೆ. ಒಬ್ಬರೇ ಬಳಸುವ ಡಬ್ಬಿ, ಮಾತ್ರೆಯನ್ನು ತೆಗೆದ ಕೂಡಲೇ ನುಂಗುವ ಅಭ್ಯಾಸ, ಇವೆರಡೂ ಇದ್ದರೆ ಇದು ಸಾಕು.

ತೂಕದ ಸೆನ್ಸರ್ ಇನ್ನೊಂದು ಹೆಜ್ಜೆ ಮುಂದೆ. ತೆರೆದು ನೋಡಿ ಹಾಗೇ ಮುಚ್ಚಿದರೆ ಅದಕ್ಕೆ ಗೊತ್ತಾಗುತ್ತದೆ. ಒಂದರ ಬದಲು ಎರಡು ತೆಗೆದರೂ ಗೊತ್ತಾಗುತ್ತದೆ. ಹಾಗಾಗಿ ಎರಡು ಸಲ ತಗೊಳ್ಳುವ ಭಯ ಇರುವ ಮನೆಗೆ ಇದೇ ಒಳ್ಳೆಯದು. ಆದರೆ ಸರಿಯಾಗಿ ಕೂರಿಸೋದು ಕಷ್ಟ, ಅದನ್ನು ಕೆಳಗೆ ವಿವರವಾಗಿ ಹೇಳುತ್ತೇನೆ.

ಮಾತ್ರೆಯನ್ನು ತಾನೇ ಹೊತ್ತಿಗೆ ಸರಿಯಾಗಿ ಹೊರಗೆ ಬಿಡುವ ಯಂತ್ರಗಳಿವೆ. ಸುತ್ತ ತಿರುಗುವ ತಟ್ಟೆಯಲ್ಲಿ ಸಾಮಾನ್ಯವಾಗಿ 28 ಖಾನೆ ಇರುತ್ತವೆ, ದಿನಕ್ಕೆ ನಾಲ್ಕು ಹೊತ್ತಿನಂತೆ ಒಂದು ವಾರಕ್ಕೆ, ದಿನಕ್ಕೆ ಒಂದೇ ಹೊತ್ತಾದರೆ ನಾಲ್ಕು ವಾರಕ್ಕೆ. ಬೀಗ ಹಾಕಬಹುದು. ಮಾತ್ರೆ ಬೀಳುವ ಜಾಗದಲ್ಲಿ ಇನ್‌ಫ್ರಾರೆಡ್ ಕಿರಣ ಇಟ್ಟಿದ್ದರೆ ಅದು ಅಡ್ಡ ಕಡಿದಾಗ "ಮಾತ್ರೆ ಬಿತ್ತು" ಅಂತ ಲೆಕ್ಕ. ನೆನಪಿನ ತೊಂದರೆ ಶುರುವಾಗಿದ್ದರೆ ತೆರೆದ ಡಬ್ಬಿಗಿಂತ ಬೀಗದ ಯಂತ್ರವೇ ಸುರಕ್ಷಿತ, ಇದರಲ್ಲಿ ನನಗೆ ಅನುಮಾನ ಇಲ್ಲ.

ಕೈಗೆ ಕಟ್ಟುವ ವಾಚಿನಲ್ಲಿ ಚಲನೆಯ ಸೆನ್ಸರ್ ಇಟ್ಟು, ಕೈ ಬಾಯಿಗೆ ಹೋದದ್ದನ್ನು ಗುರುತಿಸುವ ಪ್ರಯೋಗಗಳೂ ನಡೆದಿವೆ. ತಿಂಡಿ ತಿಂದರೂ ನೀರು ಕುಡಿದರೂ ಕೈ ಬಾಯಿಗೇ ಹೋಗುತ್ತದೆ, ಅಲ್ವಾ? ಮನೆಗೆ ಇದು ಬೇಡ. ಕ್ಯಾಮೆರಾ ಮುಂದೆ ಮಾತ್ರೆ ನುಂಗಿ ತೋರಿಸುವ ವಿಧಾನ ಕ್ಷಯರೋಗದ ಚಿಕಿತ್ಸೆಯಲ್ಲಿ ನಿಜವಾಗಿಯೂ ಬಳಕೆಯಲ್ಲಿದೆ, ಆದರೆ ಅದು ಕೆಲವು ತಿಂಗಳ ಮಾತು. ಬದುಕಿಡೀ ದಿನಾ ಕ್ಯಾಮೆರಾಗೆ ಬಾಯಿ ತೆರೆದು ತೋರಿಸು ಅಂತ ಹಿರಿಯರಿಗೆ ಹೇಳುವುದು ಸರಿಯಲ್ಲ.

ನುಂಗಿದ್ದನ್ನೇ ಹೇಳುವ ಸೆನ್ಸರ್ ಇಲ್ಲವೇ ಇಲ್ಲ ಅಂತಲ್ಲ. ಪ್ರೋಟಿಯಸ್ ಡಿಜಿಟಲ್ ಹೆಲ್ತ್ ಅನ್ನುವ ಅಮೆರಿಕದ ಕಂಪನಿ ಮರಳಿನ ಕಾಳಿನಷ್ಟು ಸಣ್ಣ ಸೆನ್ಸರ್ ಮಾಡಿತ್ತು. ಅದರಲ್ಲಿ ತಾಮ್ರ, ಮೆಗ್ನೀಸಿಯಮ್, ಸಿಲಿಕಾನ್ ಇದ್ದವು. ಹೊಟ್ಟೆಯ ದ್ರವ ತಾಗಿದಾಗ ಆ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಹುಟ್ಟಿ, ಮೈಗೆ ಅಂಟಿಸಿದ ಪಟ್ಟಿಗೆ ಸಂಕೇತ ಹೋಗುತ್ತಿತ್ತು. ಔಷಧಿಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2012ರಲ್ಲಿ ಸೆನ್ಸರ್‌ಗೆ ಒಪ್ಪಿಗೆ ಕೊಟ್ಟಿತು. 2017ರ ನವೆಂಬರ್‌ನಲ್ಲಿ ಆ ಸೆನ್ಸರ್ ಒಳಗೇ ಇರುವ ಅಬಿಲಿಫೈ ಮೈಸೈಟ್ ಮಾತ್ರೆಗೂ ಕೊಟ್ಟಿತು. ಆದರೆ ಇದರಿಂದ ರೋಗಿಗಳು ಮಾತ್ರೆ ತಗೊಳ್ಳುವುದು ಸುಧಾರಿಸುತ್ತದೆ ಅಂತ ಸಾಬೀತಾಗಿಲ್ಲ, ಸಂಕೇತ ತಡವಾಗಬಹುದು ಅಥವಾ ಬಾರದೇ ಹೋಗಬಹುದು ಅನ್ನೋದನ್ನೂ ಜೊತೆಗೇ ಹೇಳಿತು. 2020ರಲ್ಲಿ ಪ್ರೋಟಿಯಸ್ ದಿವಾಳಿ ಆಯಿತು. ಆ ಮಾತ್ರೆ ಮಾನಸಿಕ ಕಾಯಿಲೆಯದ್ದು, ಮನೆಯ ಬಿಪಿ ಶುಗರ್ ಮಾತ್ರೆಗೆ ಸಂಬಂಧವೇ ಇಲ್ಲ. ಹಾಗಾಗಿ ಮನೆಯ ಸಾಮಾನ್ಯ ಡಬ್ಬಿಗೆ ನಮ್ಮ ಕೈಗೆ ಸಿಗುವುದು ಮುಚ್ಚಳ ಮತ್ತು ತೂಕ, ಇವೆರಡೇ. ಇನ್‌ಹೇಲರ್, ಇನ್ಸುಲಿನ್ ಪೆನ್ ಬಳಸುವವರಿಗೆ ಮಾತ್ರ ಬೇರೆ ದಾರಿ ಇದೆ. ಅವಕ್ಕೇ ಸಿಕ್ಕಿಸುವ ಸಾಧನಗಳು ಒತ್ತಿದ ಹೊತ್ತನ್ನು ದಾಖಲಿಸುತ್ತವೆ.

ನೀವೇ ಮಾಡುವುದಾದರೆ

ತಯಾರಾದದ್ದನ್ನು ಕೊಳ್ಳುವವರು ಈ ಭಾಗ ಬಿಟ್ಟು ಅಲಾರಂ ಭಾಗಕ್ಕೆ ಹೋಗಬಹುದು. ಬೆಸುಗೆ ಹಾಕಲು ಬರುವವರಿಗೆ, ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿರುವವರಿಗೆ ಇದು ಕಷ್ಟದ ಕೆಲಸ ಅಲ್ಲ.

ಬೇಕಾಗಿರುವುದು ಏಳು ಅಥವಾ ಹದಿನಾಲ್ಕು ಖಾನೆಯ ಗಟ್ಟಿ ಡಬ್ಬಿ, ಪ್ರತಿ ಮುಚ್ಚಳಕ್ಕೆ ಒಂದು ಪುಟ್ಟ ಮ್ಯಾಗ್ನೆಟ್, ಪ್ರತಿ ಖಾನೆಗೆ ಒಂದು ರೀಡ್ ಸ್ವಿಚ್, ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ, ನಾವೇ ಪ್ರೋಗ್ರಾಂ ಬರೆಯಬಹುದಾದ ಪುಟ್ಟ ಬೋರ್ಡ್), ಬ್ಯಾಟರಿ. ರೀಡ್ ಸ್ವಿಚ್ ಅಂದರೆ ಗಾಜಿನ ಕೊಳವೆಯೊಳಗೆ ಎರಡು ತೆಳು ಲೋಹದ ಪಟ್ಟಿ. ಮ್ಯಾಗ್ನೆಟ್ ಹತ್ತಿರ ಬಂದರೆ ಅಂಟಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ಆ ಗಾಜು ಬಲು ಬೇಗ ಒಡೆಯುತ್ತದೆ, ಕಾಲು ಬಗ್ಗಿಸುವಾಗ ಗಾಜಿನ ಹತ್ತಿರವೇ ಬಗ್ಗಿಸಬೇಡಿ, ಇಕ್ಕಳದಲ್ಲಿ ಹಿಡಿದು ಸ್ವಲ್ಪ ದೂರದಲ್ಲಿ ಬಗ್ಗಿಸಿ.

ಸ್ವಿಚ್‌ನ ಒಂದು ತುದಿ ಗ್ರೌಂಡ್‌ಗೆ, ಇನ್ನೊಂದು ತುದಿ ಬೋರ್ಡಿನ ಪಿನ್‌ಗೆ, ಆ ಪಿನ್‌ನಿಂದ 3.3 ವೋಲ್ಟ್‌ಗೆ ಒಂದು ಪುಲ್‌ಅಪ್ ರೆಸಿಸ್ಟರ್, ಅಂದರೆ ಸ್ವಿಚ್ ಬಿಟ್ಟಾಗ ಪಿನ್ನನ್ನು ಮೇಲಕ್ಕೆ ಎಳೆದಿಡುವ ರೆಸಿಸ್ಟರ್. ಮುಚ್ಚಳ ಮುಚ್ಚಿದ್ದಾಗ ಪಿನ್ ಲೋ, ತೆರೆದಾಗ ಹೈ. ಇದು ಹೀಗೇ ಇರಲಿ, ಯಾಕೆಂದರೆ ಇಎಸ್‌ಪಿ32 ಗಾಢ ನಿದ್ದೆಯಲ್ಲಿದ್ದಾಗ "ಯಾವುದಾದರೂ ಒಂದು ಪಿನ್ ಹೈ ಆದರೆ ಎದ್ದೇಳು" ಅಂತ ಅದಕ್ಕೆ ಹೇಳಿಡಬಹುದು. ರೆಸಿಸ್ಟರ್ 1 ಮೆಗಾಓಮ್ ಹಾಕಿ. ಮುಚ್ಚಿದ ಖಾನೆಯೊಂದರಿಂದ ಹರಿಯುವುದು 3.3 ಮೈಕ್ರೋಆಂಪ್ ಮಾತ್ರ, ಹದಿನಾಲ್ಕು ಸೇರಿದರೂ 50 ದಾಟುವುದಿಲ್ಲ. ಬೋರ್ಡಿನ ಒಳಗಿನ ಪುಲ್‌ಅಪ್ ನಂಬಿದರೆ ಇದರ ಇಪ್ಪತ್ತು ಪಟ್ಟು ಹರಿದು ಬ್ಯಾಟರಿ ಬೇಗ ಮುಗಿಯುತ್ತದೆ. ಚಿಪ್ ನಿದ್ದೆಯಲ್ಲಿ ತಗೊಳ್ಳುವುದು ಸುಮಾರು 10 ಮೈಕ್ರೋಆಂಪ್, ಆದರೆ ಸಾಮಾನ್ಯ ಡೆವಲಪ್‌ಮೆಂಟ್ ಬೋರ್ಡಿನಲ್ಲಿರುವ ಯುಎಸ್‌ಬಿ ಚಿಪ್, ರೆಗ್ಯುಲೇಟರ್, ಸದಾ ಉರಿಯುವ ಎಲ್‌ಇಡಿ ಅದಕ್ಕಿಂತ ಎಷ್ಟೋ ಜಾಸ್ತಿ ನುಂಗುತ್ತವೆ. ಬ್ಯಾಟರಿಗೆಂದೇ ಮಾಡಿದ ಬೋರ್ಡ್ ತಗೊಳ್ಳಿ.

ಇಲ್ಲಿ ಒಂದು ಸಿಕ್ಕು ಇದೆ. ಹಿರಿಯರು ಖಾಲಿ ಖಾನೆಯ ಮುಚ್ಚಳವನ್ನು ತೆರೆದೇ ಬಿಡುತ್ತಾರೆ, ಅದು ಸಹಜ, ಖಾಲಿ ಅಂತ ಕಣ್ಣಿಗೆ ಕಾಣಲಿ ಅಂತ. ಆಗ ಆ ಪಿನ್ ಹೈ ಆಗಿಯೇ ಉಳಿಯುತ್ತದೆ, ಬೋರ್ಡ್ ಮಲಗಿದ ಕೂಡಲೇ ಮತ್ತೆ ಏಳುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ. ಮಲಗುವ ಮೊದಲು ಯಾವ ಯಾವ ಮುಚ್ಚಳ ತೆರೆದಿದೆ ಅಂತ ನೋಡಿ, ಆ ಪಿನ್‌ಗಳನ್ನು ಎಬ್ಬಿಸುವ ಪಟ್ಟಿಯಿಂದ ತೆಗೆದು ಮಲಗುವಂತೆ ಬರೆಯಿರಿ. ಕಾಲು ಗಂಟೆಗೊಮ್ಮೆ ತಾನೇ ಎದ್ದು ನೋಡಿ, ಮುಚ್ಚಿದ್ದರೆ ಪಟ್ಟಿಗೆ ವಾಪಸ್ ಸೇರಿಸಿಕೊಳ್ಳಲಿ.

ಖಾನೆಗಳು ಒತ್ತೊತ್ತಾಗಿದ್ದರೆ ಪಕ್ಕದ ಮುಚ್ಚಳದ ಮ್ಯಾಗ್ನೆಟ್ ಈ ಸ್ವಿಚ್ಚನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅಂಟು ಹಾಕುವ ಮೊದಲು ಟೇಪಿನಲ್ಲಿ ಕೂರಿಸಿ, ಒಂದೊಂದೇ ಮುಚ್ಚಳ ತೆರೆದು ಪರೀಕ್ಷಿಸಿ. ಮುಚ್ಚಳ ಅಲುಗಾಡಿದಾಗ ಒಂದೇ ತೆರೆಯುವಿಕೆ ನಾಲ್ಕಾರು ಸಲ ದಾಖಲಾಗಬಹುದು, ಅದಕ್ಕೆ 50 ಮಿಲಿಸೆಕೆಂಡ್ ಕಾಯುವ ಸಾಲು ಹಾಕಿ. ದಿನಕ್ಕೆ ನಾಲ್ಕು ಹೊತ್ತಿನ 28 ಖಾನೆ ಬೇಕಾದರೆ ಬೋರ್ಡಿನ ಪಿನ್‌ಗಳು ಸಾಲುವುದಿಲ್ಲ, 16 ಪಿನ್ ಕೊಡುವ ಎಂಸಿಪಿ23017 ಚಿಪ್ ಎರಡು ಸೇರಿಸಿಕೊಳ್ಳಬೇಕು.

ಗಡಿಯಾರದ ಬಗ್ಗೆ ಉದಾಸೀನ ಬೇಡ. ನಿದ್ದೆಯಲ್ಲಿರುವ ಇಎಸ್‌ಪಿ32 ತನ್ನ ಸಮಯವನ್ನು ನಿಧಾನಕ್ಕೆ ತಪ್ಪಿಸಿಕೊಳ್ಳುತ್ತದೆ. ಡಿಎಸ್3231 ಗಡಿಯಾರದ ಚಿಪ್ ಹಾಕಿದರೆ ಮನೆಯ ಬಿಸಿಲು ಚಳಿಯಲ್ಲಿ ವರ್ಷಕ್ಕೆ ಒಂದು ನಿಮಿಷದಷ್ಟೇ ವ್ಯತ್ಯಾಸ. ಇಂಟರ್ನೆಟ್ ಸಿಕ್ಕಾಗ ಅದನ್ನೂ ಸರಿ ಮಾಡಿಕೊಳ್ಳಲಿ.

ತೂಕ ಅಳೆಯುವುದು

ಸಣ್ಣ ಮಾತ್ರೆ 100 ಮಿಲಿಗ್ರಾಂ ಸುತ್ತ ತೂಗುತ್ತದೆ, ದೊಡ್ಡದು ಅರ್ಧ ಗ್ರಾಂ ದಾಟುತ್ತದೆ. ಸ್ಟ್ರಿಪ್ ಮೇಲೆ ಬರೆದಿರುವ ಮಿಲಿಗ್ರಾಂ ಔಷಧಿಯದ್ದು ಮಾತ್ರ. 5 ಮಿಲಿಗ್ರಾಂ ಅಂತ ಬರೆದ ಮಾತ್ರೆ ಅದರ ಹಲವು ಪಟ್ಟು ತೂಗುತ್ತದೆ, ಉಳಿದದ್ದು ಮಾತ್ರೆಗೆ ಆಕಾರ ಕೊಡುವ ಪುಡಿ. ಹಾಗಾಗಿ ಪ್ರತಿ ಮಾತ್ರೆಯನ್ನೂ ನೀವೇ ತೂಗಿ ಬರೆದಿಡಬೇಕು. ಬ್ರಾಂಡ್ ಬದಲಾದರೆ ತೂಕವೂ ಬದಲು.

ಲೋಡ್ ಸೆಲ್ ಅಂದರೆ ತೂಕವನ್ನು ವಿದ್ಯುತ್ ಸಂಕೇತ ಮಾಡುವ ಸೆನ್ಸರ್. 5 ಕಿಲೋ ಅಳೆಯುವ ಲೋಡ್ ಸೆಲ್ ತಂದು 100 ಮಿಲಿಗ್ರಾಂ ಹುಡುಕಬೇಡಿ, ಸಿಗುವುದಿಲ್ಲ. 100 ಗ್ರಾಂನ ಸೆಲ್ ತಗೊಂಡು, ಅದರ ಸಂಕೇತವನ್ನು ಅಂಕಿ ಮಾಡಿಕೊಡುವ ಎಚ್ಎಕ್ಸ್711 ಚಿಪ್ ಜೋಡಿಸಿ, ಸೆಕೆಂಡಿಗೆ 10 ಸಲ ಓದುವ ನಿಧಾನದ ಕ್ರಮದಲ್ಲಿಟ್ಟು, ಇಪ್ಪತ್ತು ಓದುಗಳ ಸರಾಸರಿ ತೆಗೆಯಿರಿ. ಸೆಲ್ ಮೇಲೆ ಡಬ್ಬಿಯ ಭಾರವೂ ಬೀಳುತ್ತದೆ ಅನ್ನೋದು ನೆನಪಿರಲಿ, ಹಗುರವಾದ ಡಬ್ಬಿ ಆರಿಸಿ.

ಲೋಡ್ ಸೆಲ್‌ನ ದೊಡ್ಡ ತೊಂದರೆ ಅಂದರೆ ಬಿಸಿಲು ಏರಿದಂತೆ, ಇಳಿದಂತೆ ಓದು ತಾನೇ ಜರುಗುತ್ತದೆ. ಬೆಳಿಗ್ಗೆ ಸೊನ್ನೆ ಮಾಡಿಟ್ಟರೆ ಮಧ್ಯಾಹ್ನಕ್ಕೆ ಒಂದು ಮಾತ್ರೆಯಷ್ಟು ವ್ಯತ್ಯಾಸ ಸುಮ್ನೆ ಬಂದುಬಿಡಬಹುದು. ಇದಕ್ಕೆ ಉಪಾಯ ಇದೆ. ಒಟ್ಟು ತೂಕ ಎಷ್ಟು ಅಂತ ನೋಡಲೇಬೇಡಿ. ಮುಚ್ಚಳ ತೆರೆಯುವ ಸ್ವಲ್ಪ ಮೊದಲಿನ ಓದು, ಮುಚ್ಚಿ ಅರ್ಧ ನಿಮಿಷ ಆದ ಮೇಲಿನ ಓದು, ಇವೆರಡರ ವ್ಯತ್ಯಾಸ ಮಾತ್ರ ನೋಡಿ. ಅಷ್ಟು ಕಡಿಮೆ ಹೊತ್ತಿನಲ್ಲಿ ಜರುಗುವುದು ಏನೂ ಅಲ್ಲ. ಅಂದರೆ ತೂಕದ ಸೆನ್ಸರ್ ಒಂದೇ ಇದ್ದರೆ ಸಾಲದು, ಮುಚ್ಚಳದ ಸ್ವಿಚ್ ಜೊತೆಗಿರಬೇಕು. ತೆರೆದದ್ದನ್ನು ಸ್ವಿಚ್ ಹೇಳುತ್ತದೆ, ಎಷ್ಟು ತೆಗೆದರು ಅಂತ ತೂಕ ಹೇಳುತ್ತದೆ. ಕೈ ಊರಿದರೆ, ಫ್ಯಾನ್ ಗಾಳಿ ಬಡಿದರೆ ಓದು ಕುಣಿಯುತ್ತದೆ. ಓದು ಒಂದೇ ಕಡೆ ನಿಲ್ಲುವವರೆಗೆ ಕಾಯಿರಿ, ನಿಲ್ಲದಿದ್ದರೆ "ಗೊತ್ತಿಲ್ಲ" ಅಂತಲೇ ದಾಖಲಿಸಿ. "ತಗೊಂಡಿದ್ದಾರೆ", "ತಗೊಂಡಿಲ್ಲ" ಅನ್ನುವ ಎರಡೇ ಉತ್ತರ ಇಟ್ಟುಕೊಂಡರೆ ಯಂತ್ರ ಸುಳ್ಳು ಹೇಳೋಕೆ ಶುರು ಮಾಡುತ್ತದೆ.

ಅಲಾರಂ ಹೇಗಿರಬೇಕು

ವಯಸ್ಸಾದಂತೆ ಮೊದಲು ಹೋಗುವುದು ಕೀರಲು ಸದ್ದು ಕೇಳುವ ಶಕ್ತಿ. ಮಾರುಕಟ್ಟೆಯ ಪುಟ್ಟ ಬಜರ್‌ಗಳು ಹೆಚ್ಚಾಗಿ ಕೂಗುವುದು 2,000 ಹರ್ಟ್ಜ್‌ಗಿಂತ ಮೇಲೆ, ಸರಿಯಾಗಿ ಅವರಿಗೆ ಕೇಳದ ಕಡೆ. ಬೆಂಕಿಯ ಅಲಾರಂಗಳ ಬಗ್ಗೆ ನಡೆದ ಅಧ್ಯಯನಗಳಲ್ಲಿ ಕಿವಿ ಮಂದ ಇರುವವರನ್ನು 3,000 ಹರ್ಟ್ಜ್ ಸುತ್ತಲಿನ ಕೀರಲು ಸದ್ದಿಗಿಂತ 520 ಹರ್ಟ್ಜ್‌ನ ದಪ್ಪ ಸದ್ದು ಚೆನ್ನಾಗಿ ಎಬ್ಬಿಸಿತು. ನಿಮ್ಮ ಡಬ್ಬಿಗೂ ಅದೇ ಸದ್ದು ಇಡಿ. ಮನೆಯವರ ದನಿಯಲ್ಲೇ ರೆಕಾರ್ಡ್ ಮಾಡಿದ ಮಾತು ಇನ್ನೂ ಒಳ್ಳೆಯದು: "ಬೆಳಗಿನ ಮಾತ್ರೆ ಹೊತ್ತು ಆಯ್ತು". ಬೆಳಕು ಬೇಕಾದರೆ ಬಿಳಿ ಅಥವಾ ಹಳದಿ ಇರಲಿ. ಕಣ್ಣಿನ ಮಸೂರ ಹಳದಿಗಟ್ಟಿದವರಿಗೆ ನೀಲಿ ಮಂಕಾಗಿ ಕಾಣುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಹೊತ್ತಾದಾಗ ಬರೀ ಬೆಳಕು. ಹತ್ತು ಹದಿನೈದು ನಿಮಿಷ ಬಿಟ್ಟು ಸದ್ದು. ಅರ್ಧ ಗಂಟೆ ಆದರೂ ಮುಚ್ಚಳ ತೆರೆಯದಿದ್ದರೆ ಅವರ ಫೋನಿಗೇ ಕರೆ. ಅದಾದ ಮೇಲೆ ಮನೆಯ ಒಬ್ಬರಿಗೆ ಮೆಸೇಜ್. ಒಬ್ಬರಿಗೆ ಅಂತ ಒತ್ತಿ ಹೇಳುತ್ತೇನೆ. ನಾಲ್ಕು ಮಕ್ಕಳ ಫೋನಿಗೂ ಮೆಸೇಜ್ ಹೋದರೆ ಒಂದೋ ನಾಲ್ವರೂ ಫೋನ್ ಮಾಡಿ ಅವರನ್ನು ಹಣ್ಣು ಮಾಡುತ್ತಾರೆ, ಇಲ್ಲವೇ "ಇನ್ನೊಬ್ಬರು ಮಾಡಿರುತ್ತಾರೆ" ಅಂತ ಯಾರೂ ಮಾಡುವುದಿಲ್ಲ. ದಿನಕ್ಕೆ ಮೂರು ಸುಳ್ಳು ಅಲಾರಂ ಬಂದರೆ ವಾರದೊಳಗೆ ಎಲ್ಲರೂ ನೋಡುವುದನ್ನು ಬಿಡುತ್ತಾರೆ, ಆಮೇಲೆ ನಿಜವಾದದ್ದು ಬಂದಾಗ ಯಾರೂ ಇರುವುದಿಲ್ಲ.

ಎಷ್ಟು ತಡ ಆದರೆ ತಡ ಅನ್ನೋದು ಮಾತ್ರೆಯ ಮೇಲೆ ಹೋಗುತ್ತದೆ. ಪಾರ್ಕಿನ್ಸನ್ ಕಾಯಿಲೆಯ ಲೆವೋಡೋಪಾ ಹೊತ್ತು ತಪ್ಪಿದರೆ ಮೈ ಬಿಗಿದುಕೊಂಡು ಏಳೋಕೂ ಆಗದೆ ಹೋಗಬಹುದು, ಅಲ್ಲಿ ನಿಮಿಷಗಳ ಲೆಕ್ಕ. ಕೊಲೆಸ್ಟ್ರಾಲ್ ಮಾತ್ರೆ ಒಂದೆರಡು ಗಂಟೆ ಆಚೀಚೆ ಆದರೆ ಸಾಮಾನ್ಯವಾಗಿ ಆತಂಕ ಬೇಡ. ಎಲ್ಲದಕ್ಕೂ ಒಂದೇ ಗಡುವು ಇಟ್ಟರೆ ಬೇಕಿಲ್ಲದ ಕಡೆ ಕಿರಿಕಿರಿ, ಬೇಕಾದ ಕಡೆ ತಡ.

ಇಡೀ ಬರಹದಲ್ಲಿ ಒಂದೇ ಸಾಲು ಓದುವುದಾದರೆ ಇದನ್ನು ಓದಿ: ಸೆನ್ಸರ್ "ತಗೊಂಡಿಲ್ಲ" ಅಂತ ಹೇಳಿತು ಅನ್ನುವ ಕಾರಣಕ್ಕೆ ಇನ್ನೊಂದು ಮಾತ್ರೆ ಕೊಡಬೇಡಿ. ಬ್ಯಾಟರಿ ಹೋಗಿರಬಹುದು, ವೈಫೈ ಇಲ್ಲದಿರಬಹುದು, ಹಿಂದಿನ ಸಲವೇ ಎರಡು ಹೊತ್ತಿನದ್ದು ತೆಗೆದು ಪಕ್ಕದಲ್ಲಿಟ್ಟಿರಬಹುದು. ಒಂದು ಹೊತ್ತು ತಪ್ಪಿದರೆ ಆಗುವ ತೊಂದರೆಗಿಂತ ಇನ್ಸುಲಿನ್, ಶುಗರ್ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ ಎರಡು ಸಲ ಆದರೆ ಆಗುವ ತೊಂದರೆ ಬಹಳ ಸಲ ದೊಡ್ಡದು. ಮೊದಲು ಮಾತ್ರೆ ಎಣಿಸಿ. ಆಮೇಲೂ ಅನುಮಾನ ಇದ್ದರೆ ಡಾಕ್ಟರಿಗೋ ಫಾರ್ಮಸಿಸ್ಟ್‌ಗೋ ಫೋನ್ ಮಾಡಿ. ಪ್ರತಿ ಮಾತ್ರೆಗೂ "ತಪ್ಪಿದರೆ ಏನು ಮಾಡಬೇಕು" ಅಂತ ಮೊದಲೇ ಕೇಳಿ ಬರೆದು ಡಬ್ಬಿಯ ತಳಕ್ಕೆ ಅಂಟಿಸಿಟ್ಟರೆ ಆ ಗಾಬರಿಯ ಹೊತ್ತಿನಲ್ಲಿ ಹುಡುಕಾಡುವುದು ತಪ್ಪುತ್ತದೆ.

ಡಬ್ಬಿಗೆ ಹಾಕಬಾರದ ಮಾತ್ರೆಗಳು

ಎಲ್ಲ ಮಾತ್ರೆಯನ್ನೂ ಸ್ಟ್ರಿಪ್‌ನಿಂದ ಬಿಡಿಸಿ ಖಾನೆಗೆ ಹಾಕುವಂತಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಡಬಿಗಾಟ್ರಾನ್ ಗಾಳಿಯ ತೇವಕ್ಕೆ ಕೆಡುತ್ತದೆ, ಅದು ತನ್ನದೇ ಬಾಟಲಿ ಅಥವಾ ಸ್ಟ್ರಿಪ್‌ನಲ್ಲೇ ಇರಬೇಕು. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ನೈಟ್ರೋಗ್ಲಿಸರಿನ್ ಕೂಡ ಮೂಲ ಗಾಜಿನ ಬಾಟಲಿಯಲ್ಲೇ ಇರಬೇಕು, ಅದೂ ಸದಾ ಕೈಗೆ ಸಿಗುವಂತೆ, ಬೀಗದ ಯಂತ್ರದೊಳಗಂತೂ ಬೇಡವೇ ಬೇಡ. ನೀರಲ್ಲಿ ನೊರೆಗಟ್ಟಿ ಕರಗುವ ಮಾತ್ರೆಗಳೂ ಹಾಗೆಯೇ. ನೋವು ಬಂದಾಗ ಮಾತ್ರ ತಗೊಳ್ಳುವ ಮಾತ್ರೆಗಳನ್ನು ದಿನದ ಖಾನೆಗೆ ಸೇರಿಸಬೇಡಿ.

ವಾರಕ್ಕೊಮ್ಮೆ ತಗೊಳ್ಳುವ ಮಾತ್ರೆಗಳಿಗೆ ಬೇರೆಯೇ ಎಚ್ಚರ ಬೇಕು. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದು ದಿನದ್ದು. ಅದನ್ನು ತಪ್ಪಿ ದಿನಾ ತಗೊಂಡು ಜೀವ ಹೋದ ಪ್ರಕರಣಗಳಿವೆ. ಇಂಥದ್ದನ್ನು ಡಬ್ಬಿ ತುಂಬುವವರು ತಾವೇ ಆ ಒಂದು ಖಾನೆಗೆ ಹಾಕಬೇಕು, ಉಳಿದ ಸ್ಟ್ರಿಪ್ ಬೇರೆ ಕಡೆ ಇರಬೇಕು. ತುಂಬುವ ಕೆಲಸವನ್ನು ಒಬ್ಬರು ಮಾಡಿ ಇನ್ನೊಬ್ಬರು ಪಟ್ಟಿ ಹಿಡಿದು ನೋಡಿದರೆ ಒಳ್ಳೆಯದು. ತುಂಬಿದ್ದೇ ತಪ್ಪಾದರೆ ಯಾವ ಸೆನ್ಸರ್‌ಗೂ ಗೊತ್ತಾಗುವುದಿಲ್ಲ, ತಪ್ಪು ಮಾತ್ರೆಯನ್ನು ಸರಿಯಾದ ಹೊತ್ತಿಗೆ ತಗೊಂಡರು ಅಂತ ಹಸಿರು ಗುರುತು ತೋರಿಸುತ್ತದೆ. ತುಂಬುವಾಗ ಎಲ್ಲ ಮುಚ್ಚಳ ತೆರೆಯುತ್ತೀರಲ್ಲ, ಅದು "ತಗೊಂಡರು" ಅಂತ ದಾಖಲಾಗದಂತೆ ಒಂದು ಬಟನ್ ಕೂಡ ಇಡಿ.

ಪೇಸ್‌ಮೇಕರ್ ಇದ್ದರೆ ಮ್ಯಾಗ್ನೆಟ್ ಇರುವ ಡಬ್ಬಿಯನ್ನು ಎದೆಗೆ ಅವುಚಿ ಹಿಡಿಯಬಾರದು, ಜೇಬಿನಲ್ಲಿ ಇಡಬಾರದು. ಒಂದು ಗೇಣು ದೂರ ಇರಲಿ. ನಾಣ್ಯದಂಥ ಬಟನ್ ಬ್ಯಾಟರಿ ಇದ್ದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಕಣ್ಣು ಕಾಣದವರ ಕೈಗೆ ಅದು ಮಾತ್ರೆಯ ಹಾಗೇ ಸಿಗುತ್ತದೆ, ನುಂಗಿದರೆ ಅನ್ನನಾಳ ಸುಟ್ಟುಹೋಗುತ್ತದೆ. ಸುಲಭವಾಗಿ ತೆರೆಯುವ ಡಬ್ಬಿ ಮಕ್ಕಳ ಕೈಗೂ ಸುಲಭ, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇಡುವ ಜಾಗ ಯೋಚಿಸಿ.

ಇಂಟರ್ನೆಟ್ ಇಲ್ಲದಿದ್ದರೂ ಅಲಾರಂ ಹೊಡೆಯಬೇಕು, ದಾಖಲೆ ಡಬ್ಬಿಯಲ್ಲೇ ಉಳಿದು ಆಮೇಲೆ ಹೋಗಬೇಕು. ಜೊತೆಗೆ ದಿನಕ್ಕೊಮ್ಮೆ "ನಾನು ನಡೀತಾ ಇದ್ದೀನಿ" ಅನ್ನುವ ಒಂದು ಸಂದೇಶ ಬರಲಿ. ಅದು ಬಾರದಿದ್ದರೆ ಯಂತ್ರ ಕೆಟ್ಟಿದೆ ಅಂತ ಅರ್ಥ. ಇಲ್ಲದಿದ್ದರೆ ಫೋನ್ ಸುಮ್ಮನಿರುವುದು ಎಲ್ಲ ಸರಿ ಇರುವುದಕ್ಕೋ, ಡಬ್ಬಿ ಸತ್ತುಹೋಗಿರುವುದಕ್ಕೋ ತಿಳಿಯುವುದಿಲ್ಲ. ತಯಾರಾದದ್ದನ್ನು ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಗಳೂ ಇವೇ.

ಅವರ ಒಪ್ಪಿಗೆ

ಅವರಿಗೆ ಹೇಳದೆ ಸೆನ್ಸರ್ ಇಡಬೇಡಿ. ಬುದ್ಧಿ ಸ್ಥಿಮಿತದಲ್ಲಿರುವ ದೊಡ್ಡವರಿಗೆ ಮಾತ್ರೆ ಬೇಡ ಅನ್ನುವ ಹಕ್ಕೂ ಇದೆ. ಏನು ದಾಖಲಾಗುತ್ತದೆ, ಯಾರು ನೋಡುತ್ತಾರೆ, ಯಾವಾಗ ಫೋನ್ ಬರುತ್ತದೆ ಅಂತ ಕೂತು ಹೇಳಿ, ದಾಖಲೆಯನ್ನು ಅವರ ಮುಂದೆಯೇ ತೆರೆದು ತೋರಿಸಿ. ಅಲಾರಂ ಹೊತ್ತನ್ನು ಅವರೇ ಆರಿಸಲಿ. ಪೂಜೆ, ನಿದ್ದೆ, ಟಿವಿ ಅಂತ ಅವರ ದಿನಕ್ಕೆ ಒಂದು ಲಯ ಇರುತ್ತದೆ, ಅದಕ್ಕೆ ಹೊಂದಿಕೊಂಡ ಹೊತ್ತು ಬಾಳುತ್ತದೆ. ನೆನಪಿನ ಶಕ್ತಿ ಕುಂದಿ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದಿದ್ದರೂ, ಆ ಹೊತ್ತಿಗೆ ಅರ್ಥ ಆಗುವಷ್ಟನ್ನು ಹೇಳಿ. ದಾಖಲೆ ಕಂಪನಿಯ ಸರ್ವರ್‌ಗೆ ಹೋಗುವುದಾದರೆ ಯಾವ ಮಾತ್ರೆ ಅನ್ನುವ ಹೆಸರು ಹಾಕಬೇಡಿ, "ಬೆಳಗಿನದು", "ರಾತ್ರಿಯದು" ಅಂದರೆ ಸಾಕು. ಮಾತ್ರೆಯ ಹೆಸರು ಗೊತ್ತಾದರೆ ಕಾಯಿಲೆ ಗೊತ್ತಾದ ಹಾಗೆಯೇ.

ದಾಖಲೆ ಓದುವುದು

ತಿಂಗಳಿಗೊಮ್ಮೆ ಕೂತು ನೋಡಿ, ದಿನಾ ಬೇಡ. ಒಂದೊಂದು ತಪ್ಪಿದ ಹೊತ್ತನ್ನು ಹಿಡಿದು ಕೇಳುತ್ತಾ ಹೋದರೆ ಅವರು ಬೇಸತ್ತು, ಮಾತ್ರೆ ತೆಗೆದು ಎಸೆದು ಹಸಿರು ಗುರುತು ಬರಿಸುವುದನ್ನು ಕಲಿಯುತ್ತಾರೆ. ನೋಡಬೇಕಾದದ್ದು ಮಾದರಿಯನ್ನು. ರಾತ್ರಿಯ ಹೊತ್ತು ಮಾತ್ರ ತಪ್ಪುತ್ತಿದ್ದರೆ ಅಷ್ಟರೊಳಗೆ ನಿದ್ದೆ ಬಂದಿರುತ್ತದೆ, ಆ ಮಾತ್ರೆಯನ್ನು ಸಂಜೆಗೆ ತರಬಹುದಾ ಅಂತ ಡಾಕ್ಟರನ್ನು ಕೇಳಿ. ವಾರದ ಒಂದೇ ದಿನ ತಪ್ಪುತ್ತಿದ್ದರೆ ಆ ದಿನ ಅವರು ಹೊರಗೆ ಹೋಗುತ್ತಾರೆ, ಸಣ್ಣ ಡಬ್ಬಿಯಲ್ಲಿ ಕಟ್ಟಿಕೊಡಿ. ಬೆಳಗಿನ ಹೊತ್ತು ಮೊದಲು ಸರಿಯಿದ್ದು ನಿಧಾನಕ್ಕೆ ಜಾರುತ್ತಾ, ಒಂದೇ ಮುಚ್ಚಳ ಮತ್ತೆ ಮತ್ತೆ ತೆರೆಯುವುದು ಕಂಡರೆ ಅದು ಮರೆವು ಹೆಚ್ಚುತ್ತಿರುವ ಸೂಚನೆ ಇರಬಹುದು, ತಡ ಮಾಡದೆ ತೋರಿಸಿ. ಹೊತ್ತು ತಪ್ಪದೆ ತಗೊಳ್ಳುತ್ತಿದ್ದರೂ ಬಿಪಿ ಇಳಿಯುತ್ತಿಲ್ಲ ಅಂದರೆ ಆ ದಾಖಲೆಯ ಒಂದು ಪ್ರತಿ ಡಾಕ್ಟರ ಕೈಗೆ ಕೊಡಿ. "ಸರಿಯಾಗಿ ತಗೊಳ್ಳುತ್ತಿಲ್ಲ" ಅಂದುಕೊಂಡು ಡೋಸ್ ಬದಲಿಸದೆ ಬಿಡುವುದು, "ತಗೊಳ್ಳುತ್ತಿದ್ದಾರೆ" ಅಂದುಕೊಂಡು ಡೋಸ್ ಏರಿಸುವುದು, ಎರಡನ್ನೂ ಆ ದಾಖಲೆ ತಪ್ಪಿಸುತ್ತದೆ.

ಡಬ್ಬಿ ತೆರೆದು ಯಾವ ಖಾನೆ ಅಂತ ತಿಳಿಯದೆ ಕೂರುವ, ಮಾತ್ರೆಯನ್ನು ಕೈಯಲ್ಲಿ ಹಿಡಿದು ಏನಕ್ಕೆ ಅಂತ ಕೇಳುವ ಹಂತ ಬಂದರೆ ಸೆನ್ಸರ್ ಬದಲಿಸುತ್ತಾ ಕೂರಬೇಡಿ. ಆಗ ಬೇಕಾದದ್ದು ಹೊತ್ತಿಗೆ ಸರಿಯಾಗಿ ನೀರು, ಮಾತ್ರೆ ಕೈಗೆ ಕೊಟ್ಟು, ನುಂಗುವವರೆಗೆ ಪಕ್ಕದಲ್ಲಿ ಕೂರುವ ಒಬ್ಬರು. ಯಾರು, ಯಾವ ಹೊತ್ತಿಗೆ ಅನ್ನೋದನ್ನು ಮನೆಯವರೆಲ್ಲ ಸೇರಿ ಆ ವಾರವೇ ಹಂಚಿಕೊಳ್ಳಿ, ಉಳಿದ ಮಾತ್ರೆಗಳಿಗೆ ಬೀಗ ಹಾಕಿಡಿ.